ಸಂಭ್ರಮ ತಾಳದ ನಾಯಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ಮಾವನದು. ಚೆನ್ನೈಯ ವಡಪಳನಿಯಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿರುವ ನಮ್ಮ ಹೋಟೆಲಿನ ಗಲ್ಲಾದಲ್ಲಿ ಅವರು ಹರೆಯದಿಂದಲೂ ಕೂತವರು. ಅಲ್ಲಿಂದಲೇ ಒಳಗಿನ ಅಡಿಗೆಮನೆಗೆ ಕೇಳುವ ಹಾಗೆ ಕೂಗಿ ಕೂಗಿ, ಮನೆಯಲ್ಲೂ ಅದೇ ದನಿ ನಿಂತುಬಿಟ್ಟಿತ್ತು. ಉಡುಪಿ ಕಡೆಯಿಂದ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ದನಿಗೆ ಬೆಚ್ಚಿ, ಅವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡು ಅತ್ತದ್ದೂ ಉಂಟು. ಅವರು ಕುಡಿಯಲು ನೀರು ಕೇಳಿದ್ದಷ್ಟೇ ಎಂದು ಆಮೇಲೆ ತಿಳಿಯುತ್ತಿತ್ತು.

ಮಂಡಿನೋವು ಶುರುವಾದ ಮೇಲೆ ಗಲ್ಲಾವನ್ನು ನನ್ನ ಗಂಡನಿಗೂ ಮೈದುನನಿಗೂ ಬಿಟ್ಟುಕೊಟ್ಟರು. ಆದರೂ ಬೆಳಗಿನ ತಿಂಡಿಯ ಹೊತ್ತಿಗೆ ಹೋಟೆಲಿಗೆ ಹೋಗಿ, ನಾಲ್ಕು ಜನ ಹಳೆಯ ಗಿರಾಕಿಗಳನ್ನು ಮಾತಾಡಿಸಿ ಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದ ಮೇಲೆ ಮಾಡಲು ಕೆಲಸವಿಲ್ಲದೆ ಟೀವಿಯ ಜೊತೆ ಜಗಳವಾಡುತ್ತಿದ್ದರು.

ನಾಯಿ ಬೇಕೆಂದು ಹಟ ಹಿಡಿದಿದ್ದವಳು ನನ್ನ ಮಗಳು. ಬೇಡವೇ ಬೇಡ ಎಂದವರು ಮಾವ. ಕೊನೆಗೆ ತಂದವರೂ ಅವರೇ. ಭಾನುವಾರಗಳಂದು ನಮ್ಮ ಹೋಟೆಲಿಗೆ ಗೋಳಿಬಜೆ ತಿನ್ನಲು ಅಣ್ಣಾ ನಗರದಿಂದ ಮೈಸೂರಿನ ಕಡೆಯ ಒಂದು ಕುಟುಂಬ ಬರುತ್ತಿತ್ತು. ಅವರ ಮನೆಯ ಕಾಕರ್ ಸ್ಪ್ಯಾನಿಯಲ್ ನಾಯಿ ಮರಿ ಹಾಕಿದೆ ಎಂದು ಹೇಳಿದಾಗ, ಸುಮ್ಮನೆ ನೋಡಿ ಬರುತ್ತೇನೆ ಎಂದು ಹೋದ ಮಾವ ಬರುವಾಗ ಟವೆಲಿನಲ್ಲಿ ಸುತ್ತಿದ ಜೇನುಬಣ್ಣದ ಮರಿಯೊಂದನ್ನು ಹಿಡಿದುಕೊಂಡೇ ಬಂದರು. ಅದೇ ಬಂದು ತನ್ನ ಪಾದದ ಮೇಲೆ ಮಲಗಿತು, ತಾನೆಂತ ಮಾಡುವುದು ಎಂದು ನಮ್ಮನ್ನೇ ಕೇಳಿದರು. ಉದ್ದ ಕಿವಿ, ಒದ್ದೆ ಕಣ್ಣು. ಮಗಳು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟಳು. ಆ ಹೆಸರು ಡಾಕ್ಟರರ ಚೀಟಿಗಳಲ್ಲಿ ಮಾತ್ರ ಉಳಿಯಿತು. ನಮಗೆಲ್ಲ ಅವನು ಕುಟ್ಟಿ. ತಮಿಳಿನಲ್ಲಿ ಎಳೆಯ ಮರಿಗೆ ಹೇಳುವ ಮಾತು ಅದು. ಬೆಳೆದು ದೊಡ್ಡವನಾದ ಮೇಲೂ ಬದಲಾಗಲಿಲ್ಲ.

ಅತ್ತೆ ಮಾತ್ರ ಮರಿಯನ್ನು ಎತ್ತಿಕೊಳ್ಳಲಿಲ್ಲ. ಹಾಲು ಕಾಯಿಸಿ ಕೊಟ್ಟರು, ಮಲಗಲು ಹಳೆಯ ಸೀರೆಯನ್ನು ಮಡಚಿ ಹಾಕಿದರು, ಆದರೆ ಮುಟ್ಟಲಿಲ್ಲ. ಎಳೆಯ ಜೀವಗಳನ್ನು ಅವರು ಮುಟ್ಟುವುದೇ ಕಡಿಮೆ. ನನ್ನ ಮಗಳು ಹುಟ್ಟಿದಾಗಲೂ ದಿನಕ್ಕೊಮ್ಮೆ ತೊಟ್ಟಿಲ ಹತ್ತಿರ ಬಂದು, ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಕೆಂಪನ್ನು ನೋಡಿ ಹೋಗಿಬಿಡುತ್ತಿದ್ದರು. ಅದನ್ನು ನಾನು ಅವರ ಬಿಗುಮಾನ ಎಂದುಕೊಂಡಿದ್ದೆ.

ಕುಟ್ಟಿಗೆ ಮಾವನೆಂದರೆ ಜೀವ. ಮಧ್ಯಾಹ್ನ ಅವರು ಬೀದಿಯ ತಿರುವಿನಲ್ಲಿ ಯಾರಿಗೋ ಏನೋ ಹೇಳುವ ದನಿ ಕೇಳಿದರೆ ಸಾಕು, ಇಲ್ಲಿ ಇವನು ಎದ್ದು ಬೊಗಳಲು ಶುರು ಮಾಡುತ್ತಿದ್ದ. ಗೇಟು ತೆರೆದ ಮೇಲಂತೂ ಕೇಳುವುದೇ ಬೇಡ. ಹಜಾರದಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಜಾರಕ್ಕೆ ಓಟ, ಸೋಫಾದ ಮೇಲಿಂದ ಹಾರಾಟ, ಮಾವನ ಪಂಚೆ ಹಿಡಿದು ಎಳೆದಾಟ. ಮಾವ ಅದಕ್ಕೆ ಸರಿಯಾಗಿ ಇನ್ನೂ ಎತ್ತರದ ದನಿಯಲ್ಲಿ ಅವನನ್ನು ಮುದ್ದಿಸುವುದು. ಕೊನೆಗೆ ನಾಲಗೆ ಪೂರ್ತಿ ಹೊರಗೆ ಚಾಚಿ, ಪಕ್ಕೆ ಬಡಿಯುವ ಹಾಗೆ ಏದುಸಿರು ಬಿಡುತ್ತ ಅವನು ನೆಲಕ್ಕೆ ಬಿದ್ದುಕೊಳ್ಳುತ್ತಿದ್ದ. ನಮಗೆ ಅದೆಲ್ಲ ಕಣ್ಣಿಗೆ ಹಬ್ಬ.

ಅವನಿಗೆ ವರ್ಷ ತುಂಬುವ ಮುಂಚೆ ಬಂದ ದೀಪಾವಳಿಯ ಮಾರನೆಯ ದಿನ, ಬೆಳಿಗ್ಗೆ ಅಂಗಳದ ಸಿಮೆಂಟಿನ ಮೇಲೆ ಅವನು ಉಚ್ಚೆ ಹೊಯ್ದಿದ್ದು ಪುನರ್ಪುಳಿ ಸಾರಿನ ಬಣ್ಣಕ್ಕಿತ್ತು. ನಾನು ನೀರು ಹಾಕಿ ತೊಳೆಯುವ ಮುನ್ನ ಮತ್ತೊಮ್ಮೆ ಬಗ್ಗಿ ನೋಡಿದೆ. ಹೌದು, ಕಡುಕೆಂಪು. ನಾಯಿ ಎದ್ದು ನಿಲ್ಲಲಾರದೆ ಮೂಲೆಯಲ್ಲಿ ಮಲಗಿತ್ತು. ಒಸಡು ಬಿಳಚಿಕೊಂಡಿತ್ತು. ಹತ್ತಿರದ ಡಾಕ್ಟರರು ನೋಡಿ, ಉಣ್ಣಿ ಕಚ್ಚಿ ಬರುವ ಜ್ವರ ಎಂದರು. ಚೆನ್ನೈಯಲ್ಲಿ ನಾಯಿ ಸಾಕಿದವರಿಗೆಲ್ಲ ಆ ಜ್ವರ ಗೊತ್ತು. ರಕ್ತ ಇಳಿಯುವುದು, ಕಣ್ಣು ಹಳದಿಯಾಗುವುದು, ಉಚ್ಚೆ ಕೆಂಪಾಗುವುದು, ಎಲ್ಲವೂ ಅದರಲ್ಲೂ ಆಗುತ್ತದೆ. ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ಕುಟ್ಟಿ ಮೊದಲಿನಂತಾದ. ನಾವು ಮದ್ದಿಗೆ ಕೈ ಮುಗಿದೆವು.

ಮೈದುನನ ಹೆಂಡತಿಯ ತವರಿನವರು ಮಕ್ಕಳುಮರಿಗಳ ಸಮೇತ ಬಂದು ಇದ್ದು ಹೋದ ಮೇಲೆ ಮತ್ತೆ ಹಾಗೇ ಆಯಿತು. ಮತ್ತೆ ಅದೇ ಮಾತ್ರೆ, ಮತ್ತೆ ಗುಣ. ಮನೆಯ ಮೂಲೆ ಮೂಲೆಗೂ ಉಣ್ಣಿಯ ಔಷಧಿ ಹೊಡೆದೆವು. ಅತ್ತೆ ದಿನಾ ಸಂಜೆ ಅವನ ಕಿವಿಯ ಒಳಗೆಲ್ಲ ದೂರದಿಂದಲೇ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಒಂದು ಉಣ್ಣಿಯೂ ಸಿಗುತ್ತಿರಲಿಲ್ಲ.

ಮೂರನೆಯ ಸಲ ಆದದ್ದು ಬೇಸಿಗೆಯಲ್ಲಿ. ಮಗಳು ಕಾಲೇಜಿನ ಗೆಳತಿಯರ ಜೊತೆ ಅವನನ್ನು ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದಳು. ಕಾಗೆಗಳನ್ನು ಅಟ್ಟಿಸಿಕೊಂಡು, ಅಲೆಗಳಿಗೆ ಬೊಗಳಿಕೊಂಡು ಸಂಜೆಯೆಲ್ಲ ಓಡಿದನಂತೆ. ತಿರುಗಿ ಬರುವಾಗ ಕಾರಿನಲ್ಲೇ ಕಾಲು ಸೆಟೆದುಕೊಂಡ. ಬೆಳಗಾಗುವಷ್ಟರಲ್ಲಿ ಕಣ್ಣಿನ ಬಿಳಿಯೆಲ್ಲ ಅರಿಸಿನ. ಈ ಸಲ ಪೋರೂರಿನ ಕೆರೆಯಾಚೆ ಇರುವ ದೊಡ್ಡ ಪ್ರಾಣಿ ಚಿಕಿತ್ಸಾಲಯಕ್ಕೆ ಒಯ್ದೆವು. ಅಲ್ಲಿದ್ದವರು ಒಬ್ಬ ಕಿರಿಯ ವಯಸ್ಸಿನ ಡಾಕ್ಟರ್, ತಮಿಳು ಹುಡುಗಿ. ತಣ್ಣಗಿನ ಕೋಣೆಯಲ್ಲಿ ಮಲಗಿಸಿ ಡ್ರಿಪ್ ಹಾಕಿದರು. ರಕ್ತವನ್ನು ತಾವೇ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಉಣ್ಣಿಜ್ವರದ ಕ್ರಿಮಿ ಎಲ್ಲಿಯೂ ಕಾಣುತ್ತಿಲ್ಲ ಎಂದರು. ಹಿಂದಿನ ಎರಡು ಸಲ ಮದ್ದಿನಿಂದಲೇ ಗುಣವಾಯಿತೋ, ತಾನಾಗಿಯೇ ಆಯಿತೋ ಹೇಳಲಾಗದು ಎಂದೂ ಹೇಳಿದರು.

ಆಮೇಲೆ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತು, ಹುಷಾರು ತಪ್ಪುವ ಹಿಂದಿನ ದಿನ ಇವನು ಏನು ಮಾಡಿದ್ದ ಎಂದು ಕೇಳಿದರು. ನಾನು ಕಡಲತೀರದ ವಿಷಯ ಹೇಳಿದೆ. ಅದಕ್ಕಿಂತ ಹಿಂದೆ? ಮನೆ ತುಂಬ ಮಕ್ಕಳಿದ್ದರು, ಎಲ್ಲರ ಜೊತೆ ಆಡುತ್ತಿದ್ದ. ಅದಕ್ಕೂ ಹಿಂದೆ? ದೀಪಾವಳಿ, ಪಟಾಕಿಗೆ ಹಗಲಿಡೀ ಬೊಗಳುತ್ತಿದ್ದ. ಡಾಕ್ಟರ್ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡರು.

"ಹಾಗಾದರೆ ಅಕ್ಕಾ, ಇವನಿಗೆ ಕಾಯಿಲೆ ಬರುವುದು ಯಾವಾಗಲೂ ಹಬ್ಬದ ಮಾರನೆಯ ದಿನ" ಎಂದರು ತಮಿಳಿನಲ್ಲಿ.

ಇನ್ನೊಂದು ಸಿರಿಂಜಿನಲ್ಲಿ ರಕ್ತ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬರುವವರೆಗೆ ಓಡಿಸಬಾರದು, ಬೊಗಳಲು ಬಿಡಬಾರದು, ಸೆಕೆಗೆ ಬಿಡಬಾರದು ಎಂದು ಹೇಳಿ ಮನೆಗೆ ಕಳಿಸಿದರು.

ಫಲಿತಾಂಶ ಬಂದಿದೆಯೆಂದು ಅವರು ಫೋನ್ ಮಾಡಿದ ದಿನ ಗಂಡ ಹೋಟೆಲಿನಲ್ಲಿದ್ದರು, ಮಗಳು ಕಾಲೇಜಿನಲ್ಲಿ. ಮಾವನನ್ನು ಕರೆದುಕೊಂಡು ಹೋದರೆ ಅಲ್ಲಿಯ ನಾಯಿಗಳೆಲ್ಲ ಎದ್ದು ಕೂರುತ್ತವೆ ಎಂದು ಅತ್ತೆ ತಾವೇ ಹೊರಟರು. ಕುಟ್ಟಿಯನ್ನು ಮಾವನ ಹತ್ತಿರ ಬಿಟ್ಟು ನಾವಿಬ್ಬರೇ ಆಟೋದಲ್ಲಿ ಹೋದೆವು.

ಡಾಕ್ಟರ್ ವಿವರವಾಗಿ ಹೇಳಿದರು. ರಕ್ತದ ಕೆಂಪುಕಣಗಳು ಸಕ್ಕರೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುತ್ತವೆ. ಆ ಕೆಲಸ ಹಂತ ಹಂತವಾಗಿ ನಡೆಯುತ್ತದೆ, ಹಂತಕ್ಕೊಂದು ಕಿಣ್ವ. ಕುಟ್ಟಿಯ ಮೈಯಲ್ಲಿ ಅವುಗಳಲ್ಲೊಂದು ಹುಟ್ಟಿನಿಂದಲೇ ಸರಿಯಾಗಿಲ್ಲ. ಸುಮ್ಮನಿದ್ದಾಗ ಹೇಗೋ ನಡೆದುಹೋಗುತ್ತದೆ. ತುಂಬ ಹೊತ್ತು ಏದುಸಿರು ಬಿಟ್ಟರೆ ರಕ್ತದ ಹದ ಸ್ವಲ್ಪ ಬದಲಾಗುತ್ತದೆ. ಬೇರೆ ನಾಯಿಗಳ ಕಣಗಳು ತಾಳಿಕೊಳ್ಳುತ್ತವೆ, ಇವನವು ಒಡೆದುಹೋಗುತ್ತವೆ. ಉಚ್ಚೆಯಲ್ಲಿ ಬರುವುದು ಆ ಒಡೆದ ರಕ್ತದ ಬಣ್ಣ. ಈ ತಳಿಯಲ್ಲಿ ಕೆಲವಕ್ಕೆ ಹೀಗೆ ವಂಶದಿಂದ ಬರುತ್ತದೆ. ಗುಣಪಡಿಸುವ ಮದ್ದಿಲ್ಲ. ಆದರೆ ಸೆಕೆ, ಓಟ, ಕೂಗಾಟ, ಸಂಭ್ರಮ ಇವುಗಳಿಂದ ದೂರವಿಟ್ಟರೆ ಬೇರೆ ನಾಯಿಗಳಷ್ಟೇ ಕಾಲ ಬದುಕಬಹುದು.

ನಾನು ಸೆಕೆಯ ಊರಿನಲ್ಲಿ ಇದನ್ನು ಹೇಗೆ ಸಂಭಾಳಿಸುವುದು ಎಂದು ಯೋಚಿಸುತ್ತಿದ್ದೆ. ಅತ್ತೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವರು ಬಾಯಿ ತೆರೆದು ಒಂದು ಪ್ರಶ್ನೆ ಕೇಳಿದರು. ಇದು ತಾಯಿಯ ಕಡೆಯಿಂದ ಬಂದದ್ದಾ, ತಂದೆಯ ಕಡೆಯಿಂದಲಾ?

"ಎರಡೂ ಕಡೆಯಿಂದ, ಪಾಟ್ಟಿ" ಎಂದರು ಡಾಕ್ಟರ್, ಅತ್ತೆಯನ್ನು ತಮಿಳಿನಲ್ಲಿ ಅಜ್ಜಿ ಎಂದು ಕರೆದು. "ತಾಯಿಯಲ್ಲಿ ಅರ್ಧ, ತಂದೆಯಲ್ಲಿ ಅರ್ಧ. ಅರ್ಧ ಇದ್ದವರಿಗೆ ಏನೂ ಆಗುವುದಿಲ್ಲ, ಅದು ತಮ್ಮಲ್ಲಿದೆ ಎಂದು ಗೊತ್ತಾಗುವುದೂ ಇಲ್ಲ. ಎರಡು ಅರ್ಧ ಒಂದೇ ಮರಿಯಲ್ಲಿ ಸೇರಿದರೆ ಮಾತ್ರ ಕಾಯಿಲೆ."

"ತಾಯಿ ಒಬ್ಬಳದೇ ಆದರೆ?"

"ಆಗ ಈ ಕಾಯಿಲೆ ಬರುವುದೇ ಇಲ್ಲ."

ಅತ್ತೆ ಸೆರಗನ್ನು ಎಳೆದು ಹೊದ್ದುಕೊಂಡರು. ಮನುಷ್ಯರಲ್ಲೂ ಹೀಗೇನಾ ಎಂದು ಕೇಳಿದರು. ತಾನು ನಾಯಿಗಳ ಡಾಕ್ಟರು, ಆದರೆ ಮನುಷ್ಯರಲ್ಲೂ ಹೀಗೆ ಎರಡೂ ಕಡೆಯಿಂದ ಸೇರಿ ಬರುವ ರಕ್ತದ ಕಾಯಿಲೆಗಳು ಬೇಕಾದಷ್ಟಿವೆ ಎಂದು ಆಕೆ ಹೇಳಿದರು. ಯಾಕೆ ಕೇಳುತ್ತಿದ್ದೀರಿ ಎಂದು ಕೇಳಲಿಲ್ಲ. ಅತ್ತೆಗೆ ಒಂದು ಲೋಟ ನೀರು ತರಿಸಿಕೊಟ್ಟರು.

ಆರ್ಕಾಡು ರಸ್ತೆಯಲ್ಲಿ ಮೆಟ್ರೋ ಕೆಲಸದ ತಗಡಿನ ಗೋಡೆಗಳ ನಡುವೆ ಆಟೋ ನಿಂತು ನಿಂತು ಹೋಗುತ್ತಿತ್ತು. ವಿರುಗಂಬಾಕ್ಕಂ ದಾಟಿತು. ಆಮೇಲೆ ಅತ್ತೆ, ಎದುರಿನ ಬಸ್ಸನ್ನೇ ನೋಡುತ್ತ, ನನಗೆ ಪೂರ್ತಿ ತಿಳಿಯದಿದ್ದ ಒಂದು ಸಂಗತಿ ಹೇಳಿದರು. ನನ್ನ ಗಂಡನಿಗೂ ಮೈದುನನಿಗೂ ನಡುವೆ ಅವರಿಗೊಂದು ಹೆಣ್ಣುಮಗು ಇತ್ತು. ಇತ್ತು ಎಂಬಷ್ಟು ಮಾತ್ರ ನನಗೆ ಗೊತ್ತಿತ್ತು, ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಬಿಳಚಿಕೊಂಡ ಮಗುವಂತೆ. ಹೊಟ್ಟೆ ಉಬ್ಬಿಕೊಂಡಿರುತ್ತಿತ್ತಂತೆ. ಮತ್ತೆ ಮತ್ತೆ ರಕ್ತ ಹಾಕಿಸಬೇಕಾಗುತ್ತಿತ್ತು. ಶಾಲೆಗೆ ಸೇರಿಸುವ ಮೊದಲೇ ಹೋಗಿಬಿಟ್ಟಿತು. ಹುಟ್ಟಿನಿಂದ ಬಂದ ರಕ್ತದ ಕಾಯಿಲೆ ಎಂದು ಊರಿನ ಆಸ್ಪತ್ರೆಯವರು ಹೇಳಿದ್ದರು. ಹುಟ್ಟಿನಿಂದ ಎಂದ ಮೇಲೆ ಹೆತ್ತವಳಿಂದ ಎಂದು ಮಾವನ ತಾಯಿ ತೀರ್ಮಾನ ಮಾಡಿದರು. ಮಾವನ ಅಕ್ಕ ಅದನ್ನು ನೆಂಟರ ಮನೆಗಳಿಗೆಲ್ಲ ಮುಟ್ಟಿಸಿದರು. ಅತ್ತೆಯ ತವರಿನ ರಕ್ತ ಸರಿಯಿಲ್ಲ ಎಂಬ ಮಾತಿನಿಂದ ಅವರ ತಂಗಿಗೆ ಗೊತ್ತುಮಾಡಿದ್ದ ಸಂಬಂಧವೊಂದು ಮುರಿದುಹೋಯಿತು.

"ನನ್ನ ಕೈಯಲ್ಲೇ ಎಂತದೋ ಉಂಟು ಅಂತ ನಾನೂ ನಂಬಿದ್ದೆ ಮಾರಾಯ್ತಿ" ಎಂದರು ಅತ್ತೆ. "ನಿನ್ನ ಮಗುವನ್ನು ಎತ್ತಿಕೊಳ್ಳಲಿಕ್ಕೆ ಹೆದರಿಕೆ ಆಗ್ತಿತ್ತು."

ಅವರ ಕೈ ನನ್ನ ಪಕ್ಕದಲ್ಲೇ ಸೀಟಿನ ಮೇಲಿತ್ತು. ನಾನು ಅದನ್ನು ಹಿಡಿದುಕೊಂಡೆ. ಮನೆಯ ಬೀದಿ ಬರುವವರೆಗೂ ಬಿಡಲಿಲ್ಲ.

ಮನೆಯಲ್ಲಿ ಮಾವ ಫ್ಯಾನಿನ ಕೆಳಗೆ ಕುಟ್ಟಿಯನ್ನು ಮಲಗಿಸಿಕೊಂಡು ಕಾಯುತ್ತಿದ್ದರು. ನಾನು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಖುಷಿಯಾದರೂ ಅವನಿಗೆ ಆಗುವುದಿಲ್ಲ ಎಂದಾಗ ಮಾವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಅತ್ತೆ ಕಾಲು ತೊಳೆದು ಬಂದು ಅವರ ಎದುರು ನಿಂತು, ಈ ಕಾಯಿಲೆ ಎರಡೂ ಕಡೆಯಿಂದ ಬರುವುದಂತೆ, ಮನುಷ್ಯರಲ್ಲೂ ಹಾಗೆ ಇರುತ್ತದಂತೆ ಎಂದರು. ಮಾವನಿಗೆ ಒಂದು ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಕುಟ್ಟಿಯ ಬೆನ್ನ ಮೇಲಿದ್ದ ಅವರ ಕೈ ನಿಂತಿತು.

"ಆಗ ಯಾರಾದರೂ ಅಮ್ಮನಿಗೆ ಹೇಳಬೇಕಿತ್ತು" ಎಂದರು.

"ಯಾರಾದರೂ ಅಲ್ಲ. ನೀವು ಹೇಳಬೇಕಿತ್ತು."

"ನನಗೆ ಇದೆಲ್ಲ ಗೊತ್ತಿರಲಿಲ್ಲ ಅಲ್ಲ."

"ಗೊತ್ತಿಲ್ಲದಿದ್ದರೂ ಹೇಳಬಹುದಿತ್ತು."

ಅತ್ತೆ ಅಡಿಗೆಮನೆಗೆ ಹೋಗಿ ಕುಕ್ಕರ್ ಇಟ್ಟರು. ಮಾವ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಬಿಸಿಲಿಳಿದ ಮೇಲೆ ಫೋನ್ ಹಿಡಿದುಕೊಂಡು ಮಂಡಿಯನ್ನು ಒತ್ತಿಕೊಳ್ಳುತ್ತ ಮೆಟ್ಟಿಲು ಹತ್ತಿ ತಾರಸಿಗೆ ಹೋದರು. ಮನೆಯೊಳಗೆ ಕೂಗಿ ಮಾತಾಡಿದರೆ ಕುಟ್ಟಿ ಎದ್ದು ಕುಣಿಯುತ್ತಾನೆ ಎಂಬ ಕಾರಣಕ್ಕೆ. ಊರಿನಲ್ಲಿರುವ ಅವರ ಅಕ್ಕನಿಗೆ ಕಿವಿ ಮಂದ. ತಾರಸಿಯಲ್ಲಿ ನಿಂತು ಮಾವ ಗಲ್ಲಾದ ದನಿಯಲ್ಲಿ ಹೇಳಿದ್ದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿತು.

"ಅಕ್ಕಾ, ಮಗುವಿನದ್ದು ಅವಳ ಕಡೆಯದ್ದು ಮಾತ್ರ ಅಲ್ಲ. ನಮ್ಮ ಕಡೆಯದ್ದೂ ಇತ್ತು. ನಮ್ಮ ರಕ್ತದ್ದೂ ಇತ್ತು. ಎಲ್ಲರಿಗೂ ಹೇಳು."

ಆ ಕಡೆಯಿಂದ ಏನು ಕೇಳಿದರೋ, ಮತ್ತೆ ಅದನ್ನೇ ಹೇಳಿದರು. ಕೆಳಗೆ ಅತ್ತೆ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದರು. ಕೈಯಲ್ಲಿದ್ದ ಮಗಳ ದುಪಟ್ಟಾವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. ಮಾವ ಇಳಿದು ಬಂದಾಗ ಅವರಿಗೆ ಕಾಫಿ ಕೊಟ್ಟರು. ನನ್ನೆದುರಿಗೆ ಆ ವಿಷಯ ಮುಂದೆಂದೂ ಅವರಿಬ್ಬರ ನಡುವೆ ಬರಲಿಲ್ಲ.

ಮಾರನೆಯ ದಿನದಿಂದ ಮನೆಯ ರೀತಿ ಬದಲಾಯಿತು. ಕಾಲಿಂಗ್ ಬೆಲ್ಲಿನ ತಂತಿ ಬಿಚ್ಚಿದೆವು. ಹೊರಗೆ ಕರೆದೊಯ್ಯುವುದು ಸೂರ್ಯ ಹುಟ್ಟುವ ಮೊದಲು, ಹಗ್ಗ ಹಿಡಿದು, ಮೆಲ್ಲಗೆ. ಚೆನ್ನೈಯವರು ಕತ್ತರಿಬಿಸಿಲು ಎನ್ನುವ ಮೇ ತಿಂಗಳ ಉರಿಯ ದಿನಗಳಲ್ಲಿ ಅವನು ಏಸಿ ಇರುವ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಮಾವ ಮನೆಗೆ ಬರುವುದು. ಬೀದಿಯ ತಿರುವಿನಿಂದಲೇ ಬಾಯಿ ಮುಚ್ಚಿಕೊಂಡು ಬರಬೇಕು, ಹಿಂದಿನ ಬಾಗಿಲಿನಿಂದ ಒಳಗೆ ಸೇರಬೇಕು, ಕುಟ್ಟಿ ಬಂದು ಕಾಲಿಗೆ ಸುತ್ತಿಕೊಂಡರೂ ಅವನ ಕಡೆ ನೋಡಬಾರದು, ಪೇಪರ್ ಹಿಡಿದು ಕೂರಬೇಕು. ಮೊದಮೊದಲು ಮಾವನಿಗೆ ಆಗುತ್ತಲೇ ಇರಲಿಲ್ಲ. ಪೇಪರಿನ ಹಿಂದಿನಿಂದಲೇ ಏನೋ ಮುದ್ದಿನ ಮಾತು ಹೊರಬೀಳುತ್ತಿತ್ತು. ಆಗ ಮಗಳು, ಕನ್ನಡ ಅರ್ಥವಾದರೂ ಬಾಯಿಗೆ ಬರುವುದು ತಮಿಳೇ ಅವಳಿಗೆ, "ಅಜ್ಜಾ, ಸತ್ತಂ ಪೋಡಾದೀಂಗ" ಎಂದು ಪಿಸುಗುಟ್ಟುತ್ತಿದ್ದಳು, ಸದ್ದು ಮಾಡಬೇಡಿ ಎಂದು. ಮಾವ ತುಟಿಯ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದರು. ಕುಟ್ಟಿ ಸುಮ್ಮನೆ ಮಲಗಿದ ಮೇಲೆ ಮೆಲ್ಲಗೆ ಕೈ ಇಳಿಬಿಟ್ಟು ಅವನ ಕಿವಿಯನ್ನು ಸವರುವುದು. ಅಷ್ಟೇ ಅವರ ಮುದ್ದು.

ಹೋಟೆಲಿನಲ್ಲಿ ಯಾರಾದರೂ ನಾಯಿಗೆ ಏನಾಗಿದೆ ಎಂದು ಕೇಳಿದರೆ ಮಾವ ತಮ್ಮದೇ ರೀತಿಯಲ್ಲಿ ವಿವರಿಸುತ್ತಿದ್ದರು. ಅಡಿಗೆಮನೆಯಲ್ಲಿ ರುಬ್ಬುವವನೊಬ್ಬ, ದೋಸೆ ಹೊಯ್ಯುವವನೊಬ್ಬ, ಬಡಿಸುವವನೊಬ್ಬ. ಹೊಯ್ಯುವವನು ಬರದಿದ್ದರೆ ಈಚೆ ಹಿಟ್ಟು ರಾಶಿ ಬೀಳುತ್ತದೆ, ಆಚೆ ಗಿರಾಕಿ ಹಸಿದು ಕೂರುತ್ತಾನೆ. ಗಿರಾಕಿ ಕಡಿಮೆ ಇದ್ದ ದಿನ ಹೇಗೋ ಸುಧಾರಿಸಬಹುದು, ಜಾತ್ರೆಯ ದಿನ ಆಗುವುದಿಲ್ಲ. ಡಾಕ್ಟರಿಗೆ ನಾನು ಇದನ್ನು ಹೇಳಿದಾಗ ನಕ್ಕು, ತಮಗೆ ಹೇಳಿಕೊಟ್ಟವರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದರು.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಕುಟ್ಟಿಯ ತಾಯಿತಂದೆಯನ್ನು ಮತ್ತೆ ಜೋಡಿ ಮಾಡಬಾರದು. ಒಡಹುಟ್ಟಿದ ಮರಿಗಳಲ್ಲೂ ಕೆಲವಕ್ಕೆ ಇದು ಇರಬಹುದು, ಅವುಗಳನ್ನು ಸಾಕಿದವರಿಗೆಲ್ಲ ತಿಳಿಸಿದರೆ ಒಳ್ಳೆಯದು. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ನಾನು ಅಣ್ಣಾ ನಗರಕ್ಕೆ ಹೊರಟೆ. ಅತ್ತೆ ತಾವೂ ಬರುತ್ತೇನೆ ಎಂದರು. ಇಂಥ ಮಾತನ್ನು ಹೇಗೆ ಹೇಳಬಾರದು ಎಂದು ತನಗೆ ಗೊತ್ತುಂಟು ಎಂದರು.

ಆ ಮನೆಯ ಹೆಂಗಸು ನನ್ನ ವಯಸ್ಸಿನವರು, ಗಂಡನ ಕೆಲಸದ ಮೇಲೆ ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಬಂದವರು. ಕುಟ್ಟಿಯ ತಾಯಿ ಅವರ ಕಾಲ ಬಳಿ ಕೂತಿತ್ತು, ಮೈಮೇಲಿನ ಕೂದಲೆಲ್ಲ ಬಾಚಿಸಿಕೊಂಡು, ಕಣ್ಣು ಹೊಳೆಯುತ್ತ. ನಾನು ಹೇಳುತ್ತಿದ್ದಂತೆ ಆಕೆಯ ಮುಖ ಬಿಗಿಯಾಯಿತು.

"ನಮ್ ಹುಡುಗೀಗೆ ಒಂದಿನಾನೂ ಹುಷಾರು ತಪ್ಪಿಲ್ಲ ಕಣ್ರೀ. ಇವಳಲ್ಲಿ ದೋಷ ಇದೆ ಅಂತ ಹೇಳಕ್ಕೆ ಬಂದಿದೀರಾ?"

ನಾನು ತಡವರಿಸಿದೆ. ಅತ್ತೆ ಕುರ್ಚಿಯ ತುದಿಗೆ ಸರಿದು ಕೂತರು.

"ದೋಷ ಅಲ್ಲಮ್ಮಾ. ಇವಳದ್ದೂ ಅಲ್ಲ, ಆ ಗಂಡಿನದ್ದೂ ಅಲ್ಲ. ಎರಡು ಕಡೆಯದ್ದು ಸೇರಿದ್ರೆ ಮಾತ್ರ ಹಾಗೆ ಆಗೂದು. ಯಾರ ತಪ್ಪೂ ಇಲ್ಲದೆ ಆಗ್ತದೆ. ಮರಿಗಳ ಬಗ್ಗೆ ನಿಮಗೆ ಗೊತ್ತಿರ್ಲಿ ಅಂತ ಬಂದದ್ದು, ಅಷ್ಟೇ."

ಆಕೆ ನಾಯಿಯ ತಲೆ ಸವರುತ್ತಿದ್ದರು. ಅದೇ ಗಂಡು ನಾಯಿಯವರ ಜೊತೆ ಮುಂದಿನ ಸಲಕ್ಕೂ ಮಾತಾಗಿದೆ ಎಂದು ಕೊನೆಗೆ ಹೇಳಿದರು. ಆಮೇಲೆ ಎದ್ದುಹೋಗಿ ಕಾಫಿ ತಂದರು. ನಾವು ಹೊರಡುವಾಗ ಅತ್ತೆ ಬಗ್ಗಿ ಆ ತಾಯಿನಾಯಿಯ ಗದ್ದವನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿದರು. ಬಾಗಿಲಲ್ಲಿದ್ದ ನನಗೆ ಕೇಳಿಸಲಿಲ್ಲ.

ಕೆಲವು ವಾರಗಳ ನಂತರ ಆಕೆಯೇ ಫೋನ್ ಮಾಡಿದರು. ಪರೀಕ್ಷೆ ಮಾಡಿಸಿದ್ದರು, ಡಾಕ್ಟರ್ ಹೇಳಿದ ಹಾಗೇ ಅವರ ನಾಯಿಯಲ್ಲಿ ಅರ್ಧ ಇತ್ತು. ಇನ್ನು ಮರಿ ಹಾಕಿಸುವುದಿಲ್ಲ, ಅದಕ್ಕೆ ಆಪರೇಷನ್ ಮಾಡಿಸುತ್ತೇವೆ ಎಂದರು. ಗಂಡಿನ ಮನೆಯವರು ಮೊದಲು ಒಪ್ಪಲಿಲ್ಲವಂತೆ, ಈಗ ಅವರೂ ಪರೀಕ್ಷೆಗೆ ಕೊಟ್ಟಿದ್ದಾರಂತೆ. ಮರಿ ತೆಗೆದುಕೊಂಡು ಹೋದವರನ್ನೆಲ್ಲ ಹುಡುಕಿ ಒಬ್ಬೊಬ್ಬರಿಗೂ ತಿಳಿಸಿದ್ದರು. ಅವುಗಳಲ್ಲಿ ಪೋರೂರಿನ ಒಂದು ಮನೆಯಲ್ಲಿದ್ದ ಹೆಣ್ಣುಮರಿಗೆ ಕುಟ್ಟಿಯ ಹಾಗೇ ಆಗುತ್ತಿತ್ತು. ಅವರೂ ಉಣ್ಣಿಜ್ವರವೆಂದು ಮದ್ದು ಕೊಡಿಸುತ್ತಿದ್ದರು.

ಪೋರೂರಿನವರು ನಿವೃತ್ತ ಗಂಡಹೆಂಡತಿ, ತಮಿಳರು. ನಮ್ಮ ಡಾಕ್ಟರನ್ನೇ ಅವರೂ ಕಂಡು, ಆಮೇಲೆ ಒಂದು ಬೆಳಿಗ್ಗೆ ತಂಪಿನ ಹೊತ್ತಿಗೆ ನಾಯಿಯ ಸಮೇತ ನಮ್ಮ ಮನೆಗೆ ಬಂದರು. ಇವೆರಡೂ ಸೇರಿ ಕುಣಿದರೆ ಏನು ಗತಿ ಎಂದು ನಾವು ಹೆದರಿಕೊಂಡೇ ಇದ್ದೆವು. ಏಸಿ ಹಾಕಿ, ಎಲ್ಲರೂ ಗೋಡೆಗೆ ಆತು ಕೂತು, ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು. ಅವು ಒಂದನ್ನೊಂದು ಮೂಸಿದವು. ಅವಳು ಅವನಿಗಿಂತ ಸ್ವಲ್ಪ ಗಿಡ್ಡ, ಎದೆಯ ಮೇಲೆ ಬಿಳಿ. ಎರಡು ಸುತ್ತು ಹಾಕಿ, ಅವನು ಮಲಗಿದ್ದ ಸೀರೆಯ ಮೇಲೆ ಹೋಗಿ ಮಲಗಿಬಿಟ್ಟಳು. ಕುಟ್ಟಿ ಅಲ್ಲೇ ಪಕ್ಕದಲ್ಲಿ ಜಾಗ ಮಾಡಿಕೊಂಡ. ಆ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

ಅಂದಿನಿಂದ ನಮ್ಮ ಎರಡು ಮನೆಗಳಿಗೆ ಬಳಕೆ ಬೆಳೆಯಿತು. ಇಬ್ಬರ ಮನೆಯಲ್ಲೂ ಪಿಸುಮಾತಿನಲ್ಲೇ ನಡೆಯುವ ಸಂಸಾರ. ಬೇರೆಯವರ ಮನೆಗೆ ಹೋದರೆ ಕಿವಿ ನೋಯುತ್ತದೆ ಎಂದು ಆ ಹೆಂಗಸು ಅತ್ತೆಯ ಹತ್ತಿರ ನಗುತ್ತಿದ್ದರು. ದೀಪಾವಳಿಯಂದು ಎರಡನ್ನೂ ನಮ್ಮ ಒಳಕೋಣೆಯಲ್ಲೇ ಇಟ್ಟುಕೊಳ್ಳುವುದು ರೂಢಿಯಾಯಿತು. ಕಿಟಕಿಗಳಿಗೆಲ್ಲ ರಜಾಯಿ ಕಟ್ಟಿ, ಮಾವ ಅವುಗಳ ನಡುವೆ ಕೂತು, ಅವರ ದನಿಯೇ ಅಲ್ಲವೇನೋ ಎಂಬಷ್ಟು ಮೆಲ್ಲಗೆ ಅಂದಿನ ಪೇಪರನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದರು. ಮಧ್ಯೆ ಒಂದೆರಡು ಸಲ ಕುಟ್ಟಿಗೆ ಮತ್ತೆ ಹುಷಾರು ತಪ್ಪಿತು. ಒಮ್ಮೆ ಚಂಡಮಾರುತದ ಸಮಯದಲ್ಲಿ ಕರೆಂಟು ಹೋಗಿ ಸೆಕೆಗೆ. ಅದು ಏನೆಂದು ಗೊತ್ತಿದ್ದುದರಿಂದ ಹಿಂದಿನ ಗಾಬರಿ ಇರಲಿಲ್ಲ. ಒದ್ದೆ ಬಟ್ಟೆ ಹಾಸಿ, ಬೀಸಣಿಗೆ ಬೀಸುತ್ತ ಸರದಿಯ ಮೇಲೆ ಕೂತೆವು.

ಕಳೆದ ವರ್ಷ ಪೋರೂರಿನವರು ಮಗಳ ಬಾಣಂತನಕ್ಕೆಂದು ದೆಹಲಿಗೆ ಹೋಗಬೇಕಾಯಿತು. ನಾಯಿಯನ್ನು ವಿಮಾನದಲ್ಲಿ ಒಯ್ಯುವುದು ಅವಳಿಗೆ ಒಗ್ಗುವ ಸಂಗತಿಯಲ್ಲ. ಕೇಳಲು ಸಂಕೋಚಪಡುತ್ತಿದ್ದರು. ಅತ್ತೆಯೇ ಫೋನ್ ತೆಗೆದುಕೊಂಡು, ಇಲ್ಲಿ ಬಿಟ್ಟು ಹೋಗಿ, ಇಬ್ಬರಿಗೂ ಒಂದೇ ಪಥ್ಯ ಎಂದರು. ಆ ಕೆಲವು ತಿಂಗಳು ಮನೆಯಲ್ಲಿ ಎರಡು ನಾಯಿ. ಬೆಳಿಗ್ಗೆ ಕತ್ತಲಿರುವಾಗಲೇ ಮಗಳು ಒಂದರ ಹಗ್ಗ, ನಾನು ಒಂದರ ಹಗ್ಗ ಹಿಡಿದು, ಸಿನಿಮಾ ಸ್ಟುಡಿಯೋಗಳಿಗೆ ಹೋಗುವ ಲೈಟಿನವರ ವ್ಯಾನುಗಳು ಹೊರಡುವ ಮುನ್ನ ಒಂದು ಸುತ್ತು ನಡೆದು ಬರುತ್ತಿದ್ದೆವು. ಹೂವು ಕಟ್ಟುವ ಹೆಂಗಸರು ಅವಳಿಜವಳಿಯಾ ಎಂದು ಕೇಳುತ್ತಿದ್ದರು. ಅಕ್ಕತಮ್ಮ ಎಂದು ಮಗಳು ಹೇಳಿದರೆ, ತಂಗಿಯಣ್ಣ ಎಂದು ನಾನು ತಿದ್ದುತ್ತಿದ್ದೆ. ಯಾರು ಮೊದಲು ಹುಟ್ಟಿದವರೆಂದು ಅಣ್ಣಾ ನಗರದವರಿಗೂ ನೆನಪಿರಲಿಲ್ಲ.

ಅವರು ತಿರುಗಿ ಬಂದು ಅವಳನ್ನು ಕರೆದುಕೊಂಡು ಹೋದ ದಿನ, ಹೊಸ ಮೊಮ್ಮಗುವಿನ ಫೋಟೋಗಳನ್ನೆಲ್ಲ ನೋಡಿ ಮುಗಿದ ಮೇಲೆ, ಮಾವ ತಾವೇ ಅವಳನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕಾರು ಹೋಯಿತು. ಕುಟ್ಟಿ ಗೇಟಿನ ಸಂದಿಯಲ್ಲಿ ಮೂತಿ ಇಟ್ಟು ಸ್ವಲ್ಪ ಹೊತ್ತು ನೋಡಿದ. ಬೊಗಳಲಿಲ್ಲ. ಆಮೇಲೆ ಒಳಗೆ ಬಂದು, ಅಡಿಗೆಮನೆಯ ಬಾಗಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅತ್ತೆಯ ಎದುರಿಗೆ ಕೂತು, ಒಂದು ಚೂರು ಕಾಯಿಗೆ ಕಾಯತೊಡಗಿದ.